ಎಚ್ಚರಪಟ್ಟಿ

ಕಸ್ತೂರಿ ಬಿರಾದಾರ ಸಿಮೆಂಟಿನ ವೃತ್ತದೊಳಗೆ ಕಾಲಿಟ್ಟಾಗ ಅವಳ ಎಡತೋಳಿಗೆ ಅಂಟಿಕೊಂಡಿದ್ದ ಬೂದುಬಣ್ಣದ ಪಟ್ಟಿ ಸಣ್ಣಗೆ ಬಿಸಿಯಾಯಿತು. ಪಟ್ಟಿ ತನ್ನ ಕೆಲಸ ಶುರುಮಾಡಿತು ಎಂದು ಅದರರ್ಥ. ಚರ್ಮದ ಮೇಲಿಂದಲೇ ನರಗಳ ಚುರುಕನ್ನು ಅಳೆದು, ಎಷ್ಟು ಕಡಿಮೆ ಬಿದ್ದಿದೆಯೋ ಅಷ್ಟು ಕೆಫೀನನ್ನು ಅದು ಕಣಕಣವಾಗಿ ರಕ್ತಕ್ಕೆ ಬಿಡುತ್ತಿತ್ತು. ಕಾಫಿ, ಚಹಾದಲ್ಲಿರುವ ಅದೇ ಕೆಫೀನು. ಆದರೆ ಕುಡಿದ ಕಾಫಿ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ಕುಡಿದವರ ಹೊಟ್ಟೆಗೆ ಬಿಟ್ಟ ವಿಷಯ. ಪಟ್ಟಿಗೆ ಅಂಥ ಅಂದಾಜುಗಳ ಗೊಡವೆಯಿರಲಿಲ್ಲ. ತೋಳು ಬೀಸುವ ಹೊತ್ತಿಗೆ ಸರಿಯಾಗಿ ಮೈಯನ್ನು ಎಬ್ಬಿಸಿ ನಿಲ್ಲಿಸುತ್ತಿತ್ತು.

ಅದು 2058ರ ಚಳಿಗಾಲ. ಧಾರವಾಡದ ಕ್ರೀಡಾಂಗಣದ ಮೆಟ್ಟಿಲ ಮೇಲೆ ಆ ಪಟ್ಟಿಯನ್ನು ಕಂಡುಹಿಡಿದ ವಾರಿಜಾ ಕಟ್ಟಿ ಕುಳಿತಿದ್ದಳು. ಕೆಫೀನು ನಿಷಿದ್ಧ ಔಷಧವಲ್ಲವಾದ್ದರಿಂದ ಪಟ್ಟಿಗೆ ಯಾರ ಅಡ್ಡಿಯೂ ಇರಲಿಲ್ಲ. ಗುಂಡು, ಚಕ್ರ, ಭರ್ಜಿ, ಹ್ಯಾಮರ್ ಎಸೆಯುವವರ ತೋಳಿನಲ್ಲೆಲ್ಲ ಈಗ ಅದೇ. ಎಸೆತದ ಆಟಗಳಲ್ಲಿ ಎಲ್ಲವೂ ಒಂದೆರಡು ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ಆ ಕ್ಷಣದಲ್ಲಿ ನರ ಚುರುಕಾಗಿದ್ದರೆ ಗೆದ್ದಂತೆ. ಜನ ಅದಕ್ಕೆ ಎಚ್ಚರಪಟ್ಟಿ ಎಂದು ಹೆಸರಿಟ್ಟಿದ್ದರು. ಆ ಹೆಸರು ಕಿವಿಗೆ ಬಿದ್ದಾಗೆಲ್ಲ ವಾರಿಜಾಳಿಗೆ ಒಳಗೊಳಗೇ ಹಿಗ್ಗು.

ಕಸ್ತೂರಿ ಇಂಡಿ ಕಡೆಯ ಹುಡುಗಿ, ಹ್ಯಾಮರ್ ಎಸೆಯುವವಳು. ಉಕ್ಕಿನ ತಂತಿಗೆ ಕಟ್ಟಿದ ನಾಲ್ಕು ಕಿಲೋ ಗುಂಡನ್ನು ತಲೆಯ ಸುತ್ತ ಬೀಸಿ, ತಾನೂ ಬುಗುರಿಯಂತೆ ತಿರುಗಿ ಬಿಟ್ಟಳೆಂದರೆ ಅದು ಮೈದಾನದ ಆ ತುದಿಯಲ್ಲಿ ಬೀಳುತ್ತಿತ್ತು. ಪಟ್ಟಿ ಕಟ್ಟಿಕೊಂಡ ಮೊದಲ ವರ್ಷ ಅವಳ ದೂರ ಏರಿದ್ದನ್ನು ವಾರಿಜಾ ಎಷ್ಟೋ ಸಭೆಗಳಲ್ಲಿ ಉದಾಹರಣೆಯಾಗಿ ಕೊಟ್ಟಿದ್ದಳು. ಆದರೆ ಈ ದಿನ ಹುಡುಗಿಯ ಕಣ್ಣಿನ ಕೆಳಗೆ ಮಸಿ ಬಳಿದಂತಿತ್ತು. ಹಿಡಿಕೆ ಹಿಡಿದ ಬೆರಳು ನಡುಗುತ್ತಿದ್ದುದು ಮೆಟ್ಟಿಲ ಮೇಲಿಂದಲೂ ಕಾಣುತ್ತಿತ್ತು.

ಅವಳು ಬೀಸಿದಳು, ತಿರುಗಿದಳು. ಮೂರನೆಯ ಸುತ್ತಿನಲ್ಲಿ ಹಿಮ್ಮಡಿ ಜಾರಿತು. ಗುಂಡು ವೃತ್ತದ ಸುತ್ತ ಕಟ್ಟಿದ್ದ ಬಲೆಯ ಬಾಗಿಲಿನ ಸಂದಿಯಿಂದ ಓರೆಯಾಗಿ ಹಾರಿ, ಗೆರೆಯಾಚೆ ಬಾವುಟ ಹಿಡಿದು ನಿಂತಿದ್ದ ಖಾಜಾಸಾಬರ ಪಕ್ಕದಲ್ಲೇ ನೆಲಕ್ಕೆ ಹುಗಿದುಕೊಂಡಿತು. ಒಂದು ಮಾರು ಈಚೆ ಬಿದ್ದಿದ್ದರೆ ಅವರು ಉಳಿಯುತ್ತಿರಲಿಲ್ಲ. ನಿವೃತ್ತ ದೈಹಿಕ ಶಿಕ್ಷಕರಾದ ಆ ಹಿರಿಯರು ಬಾವುಟ ಕೈಬಿಟ್ಟು ಹುಲ್ಲಿನ ಮೇಲೆ ಕುಸಿದು ಕುಳಿತರು. ಕಸ್ತೂರಿ ಓಡಿಹೋಗಿ ಅವರ ಕಾಲು ಹಿಡಿದುಕೊಂಡಳು. ಅವರು ಅವಳ ನೆತ್ತಿಯ ಮೇಲೆ ಕೈಯಿಟ್ಟು, ತಮಗೇನೂ ಆಗಿಲ್ಲವೆಂದು ಮತ್ತೆ ಮತ್ತೆ ಹೇಳಿದರು.

ವಾರಿಜಾ ಅವಳನ್ನು ಸೀದಾ ತನ್ನ ಪ್ರಯೋಗಾಲಯಕ್ಕೆ ಕರೆದೊಯ್ದಳು. ತರಬೇತುದಾರ ಈರಣ್ಣ ಮಾಸ್ತರರೂ ಬಂದರು. ಪಟ್ಟಿ ಕಳುಹಿಸುತ್ತಿದ್ದ ಅಳತೆಗಳೆಲ್ಲ ಕಂಪ್ಯೂಟರಿನಲ್ಲಿ ಇದ್ದೇ ಇದ್ದವು. ಇಷ್ಟು ದಿನ ಯಾರೂ ಕೂತು ನೋಡಿರಲಿಲ್ಲ, ಅಷ್ಟೆ. ವಾರಿಜಾಳೂ ನೋಡಿರಲಿಲ್ಲ. ದೂರ ಏರುತ್ತಿದ್ದುದೇ ಅವಳಿಗೆ ಸಾಕಾಗಿತ್ತು.

"ನಿದ್ದಿ ಹೆಂಗದ ಕಸ್ತೂರಿ?" ಎಂದು ಕೇಳಿದಳು.

ಹುಡುಗಿ ಮಾಸ್ತರರ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ ಹೇಳಿದಳು: "ನಿದ್ದಿ ಅಂದ್ರ ಹೆಂಗಿರತದ ಅನ್ನೂದ ಮರ್ತೇನ್ರಿ ಮೇಡಂ. ಕಣ್ಣ ಮುಚ್ಚತೇನಿ, ಒಳಗ ಲೈಟ್ ಹತ್ತೇ ಇರತದ್ರಿ."

ಪರದೆಯ ಮೇಲಿನ ಗೆರೆಗಳನ್ನು ನೋಡುತ್ತ ಹೋದಂತೆ ವಾರಿಜಾಳಿಗೆ ಕಾರಣ ತಿಳಿಯಿತು. ಕೆಫೀನನ್ನು ಕರಗಿಸುವುದು ಯಕೃತ್ತಿನ ಕೆಲಸ. ಕೆಲವರ ಯಕೃತ್ತು ಅದನ್ನು ಬೇಗ ಕರಗಿಸುತ್ತದೆ, ಕೆಲವರದು ನಿಧಾನ. ಅದು ಹುಟ್ಟಿನಿಂದ ಬಂದ ಗುಣ. ಕಸ್ತೂರಿಯದು ತೀರ ನಿಧಾನ. ಬೆಳಗಿನ ಅಭ್ಯಾಸಕ್ಕೆಂದು ಒಳಗೆ ಹೋದ ಕೆಫೀನು ರಾತ್ರಿಯೂ ಮೈಯಲ್ಲಿ ಉಳಿದು ನಿದ್ದೆಗೆಡಿಸುತ್ತಿತ್ತು. ನಿದ್ದೆಗೆಟ್ಟ ನರ ಮರುದಿನ ಮಂದವಾಗುತ್ತಿತ್ತು. ನರ ಮಂದವಾದದ್ದನ್ನು ಕಂಡ ಪಟ್ಟಿ ಇನ್ನಷ್ಟು ಕೆಫೀನು ಬಿಡುತ್ತಿತ್ತು. ಅದರಿಂದ ನಿದ್ದೆ ಇನ್ನಷ್ಟು ದೂರ. ಪಟ್ಟಿ ಕೆಟ್ಟಿರಲಿಲ್ಲ. ಚುರುಕು ಎಂದೂ ಇಳಿಯಕೂಡದು ಎಂದು ವಾರಿಜಾ ಅದಕ್ಕೆ ಕಲಿಸಿದ್ದಳು. ಅದು ಕಲಿತ ಪಾಠವನ್ನು ಚಾಚೂ ತಪ್ಪದೆ ಒಪ್ಪಿಸುತ್ತಿತ್ತು.

ಅವಳು ಅದನ್ನು ಮಾಸ್ತರರಿಗೆ ಬಿಡಿಸಿ ಹೇಳಿದಳು. ದುಡಿದ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡುತ್ತ ಹೋಗುತ್ತದೆ. ಅದು ತನಗೆಂದೇ ಇರುವ ಜಾಗಗಳಲ್ಲಿ ಕುಳಿತಾಗ ನಮಗೆ ದಣಿವು ಗೊತ್ತಾಗುತ್ತದೆ. ಕೆಫೀನು ಮುಂಚೆಯೇ ಹೋಗಿ ಸೀಟಿಗೆ ಟವೆಲ್ ಹಾಕಿದಂತೆ ಆ ಜಾಗ ಹಿಡಿದುಬಿಡುತ್ತದೆ. ದಣಿವು ಹೋಗಿರುವುದಿಲ್ಲ, ಕೂರಲು ಜಾಗವಿಲ್ಲದೆ ನಿಂತಿರುತ್ತದೆ. ಕೆಫೀನು ಎದ್ದ ಗಳಿಗೆಯಲ್ಲಿ ಅಷ್ಟೂ ಒಟ್ಟಿಗೆ ಮೈಮೇಲೆ ಬೀಳುತ್ತದೆ.

ಈರಣ್ಣ ಮಾಸ್ತರರು ಗೋಡೆಯ ಕ್ಯಾಲೆಂಡರಿನತ್ತ ನೋಡಿದರು. ರಾಷ್ಟ್ರೀಯ ಆಯ್ಕೆಗೆ ಒಂದೇ ತಿಂಗಳು ಉಳಿದಿತ್ತು.

"ಪಟ್ಟಿ ತಗದ್ರ ಈಕಿ ಸೋಲ್ತಾಳ್ರಿ ಮೇಡಮ್ಮಾರ," ಎಂದರು. "ಉಳದವ್ರೆಲ್ಲಾ ಕಟ್ಕೊಂಡ ಬರ್ತಾರ."

"ತಗೀಲಿಲ್ಲಂದ್ರ ಇನ್ನೊಂದ ಸಲ ಖಾಜಾಸಾಬರು ಉಳೀತಾರ ಅಂತ ನೀವು ಬರಕೊಡ್ತೀರೇನು?"

ಕಸ್ತೂರಿಯೇ ತೋಳು ಮುಂದೆ ಚಾಚಿದಳು. ವಾರಿಜಾ ಅಂಚು ಹಿಡಿದು ಮೆಲ್ಲಗೆ ಪಟ್ಟಿ ಬಿಡಿಸಿದಾಗ ಕೆಳಗಿನ ಚರ್ಮ ಬಿಳಿಚಿಕೊಂಡಿತ್ತು.

ಹಾಸ್ಟೆಲಿನ ಗದ್ದಲ ಬೇಡವೆಂದು ವಾರಿಜಾ ಅವಳನ್ನು ಸಪ್ತಾಪುರದ ತನ್ನ ಮನೆಯಲ್ಲೇ ಇರಿಸಿಕೊಂಡಳು. ಮೊದಲ ದಿನಗಳು ಕಠಿಣವಾಗಿದ್ದವು. ಹುಡುಗಿಗೆ ತಲೆ ಸಿಡಿಯುವಷ್ಟು ನೋವು, ಮಾತೆತ್ತಿದರೆ ಸಿಟ್ಟು, ಕೈಯಲ್ಲಿ ಹಿಡಿದ ತಟ್ಟೆಯೂ ಭಾರ. ತನ್ನ ಕತೆ ಮುಗಿಯಿತೆಂದು ಒಮ್ಮೆ ಅಡುಗೆಮನೆಯ ಕಟ್ಟೆಗೆ ಒರಗಿ ಅತ್ತಳು. ವಾರಿಜಾ ಸಮಾಧಾನದ ಮಾತೇನೂ ಆಡಲಿಲ್ಲ. ಬಿಸಿ ಜ್ವಾಳದ ರೊಟ್ಟಿ ಮುರಿದು, ಬದನೆಕಾಯಿ ಪಲ್ಯದ ಜೊತೆ ಅವಳ ಕೈಗಿತ್ತಳು.

ಆಮೇಲೊಂದು ಮಧ್ಯಾಹ್ನ ಉಂಡು ಕೈತೊಳೆದು ಬಂದ ಕಸ್ತೂರಿ ಸೋಫಾದ ಮೇಲೆ ಕುಳಿತವಳು ಕುಳಿತಲ್ಲೇ ವಾಲಿದಳು. ವಾರಿಜಾ ಗಾಬರಿಯಿಂದ ಹತ್ತಿರ ಹೋಗಿ ಮೂಗಿನ ಬಳಿ ಬೆರಳು ಹಿಡಿದಳು. ಉಸಿರು ನಿಧಾನವಾಗಿ, ಆಳವಾಗಿ ಬರುತ್ತಿತ್ತು. ಹುಡುಗಿ ನಿದ್ದೆಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಹಿಡಿಕೆ ಹಿಡಿದೇ ಜಡ್ಡುಗಟ್ಟಿದ ಬೆರಳುಗಳು ಸಡಿಲವಾಗಿ ಬಿಚ್ಚಿಕೊಂಡಿದ್ದವು. ಹೊರಗೆ ಯಾರೋ ಸ್ಕೂಟರಿನ ಹಾರ್ನ್ ಬಾರಿಸಿದರು, ಅವಳು ಮಿಸುಕಲಿಲ್ಲ. ವಾರಿಜಾ ಕಿಟಕಿಯ ಪರದೆ ಎಳೆದು ಎದುರಿನ ಕುರ್ಚಿಯಲ್ಲಿ ಕುಳಿತಳು. ಎದೆಯ ಮೇಲೆ ಕಲ್ಲೊಂದು ಇತ್ತೆಂದು ಅದು ಇಳಿದ ಮೇಲೆಯೇ ಅವಳಿಗೆ ತಿಳಿದದ್ದು.

ಆ ಕುರ್ಚಿಯಲ್ಲೇ ಅವಳು ತನ್ನ ಹಳೆಯ ಪ್ರಯೋಗಗಳನ್ನು ಮನಸ್ಸಿನಲ್ಲಿ ತಿರುವಿಹಾಕಿದಳು. ಪಟ್ಟಿ ಕಟ್ಟಿಸುವ ಮೊದಲು ಎಸೆತಗಾರರಿಗೆ ಕೆಲವು ದಿನ ಕಾಫಿ ಚಹಾ ಮುಟ್ಟಬಾರದೆಂದು ತಾಕೀತು ಮಾಡಿದ್ದಳು. ಅದೇ ಚಟದವರು ಅವರೆಲ್ಲ. ಬಿಟ್ಟ ತಕ್ಷಣ ಮಂಕಾಗಿದ್ದರು. ಆ ಮಂಕಿನಲ್ಲಿ ಎಸೆದ ದೂರವನ್ನು ಪಟ್ಟಿ ಕಟ್ಟಿ ಎಸೆದ ದೂರಕ್ಕೆ ಹೋಲಿಸಿ ಲಾಭ ಲೆಕ್ಕಹಾಕಿದ್ದಳು. ನಿಜವಾದ ಲಾಭ ಇರಲಿಲ್ಲವೆಂದಲ್ಲ. ಕೆಲವರಿಗೆ, ಕೆಲವೊಮ್ಮೆ, ಒಂದು ಗೇಣಿನಷ್ಟು ಇತ್ತು. ಆದರೆ ಬಹುಪಾಲು ಗಳಿಕೆ ಕಳೆದುಕೊಂಡದ್ದನ್ನು ವಾಪಸು ಪಡೆದದ್ದು ಮಾತ್ರ. ನಿದ್ದೆ ಮಾಡಿದವರಿಗೆ ಅದು ಪುಕ್ಕಟೆಯಾಗಿ ಸಿಗುತ್ತಿತ್ತು.

ಪಟ್ಟಿ ತಯಾರಿಸುವ ಕಂಪನಿಯವರಿಗೆ ಅವಳು ಹೋಗಿ ಹೇಳಿದ ಈ ಮಾತು ರುಚಿಸಲಿಲ್ಲ. ಒಬ್ಬ ಹುಡುಗಿಯ ಕಾಲು ಜಾರಿದ್ದಕ್ಕೆ ಇಷ್ಟು ರಾದ್ಧಾಂತ ಬೇಕೇ ಎಂದು ಅವರು ಕೇಳಿದರು. ವಾರಿಜಾ ಜಗಳಕ್ಕೆ ನಿಲ್ಲದೆ, ತನ್ನ ಪ್ರಯೋಗ ಎಲ್ಲಿ ತಪ್ಪಿತ್ತು ಎಂಬುದನ್ನು ಕಸ್ತೂರಿಯ ಒಪ್ಪಿಗೆ ಪಡೆದು ಅಳತೆಗಳ ಸಮೇತ ಪ್ರಕಟಿಸಿಬಿಟ್ಟಳು. ಬೇರೆ ರಾಜ್ಯಗಳ ತರಬೇತುದಾರರೂ ತಮ್ಮವರ ಅಳತೆಗಳನ್ನು ತೆರೆದು ನೋಡಿದರು. ಕಸ್ತೂರಿಯಂಥವರು ಊರೂರಲ್ಲೂ ಇದ್ದರು. ಕೊನೆಗೆ ಕಂಪನಿಯೂ ದಾರಿಗೆ ಬಂತು.

ಆಯ್ಕೆಯ ದಿನ ಕಸ್ತೂರಿ ಬರಿತೋಳಿನಲ್ಲಿ ವೃತ್ತಕ್ಕಿಳಿದಳು. ಗೆರೆಯಾಚೆ ಬಾವುಟ ಹಿಡಿದವರು ಯಾರೋ ಅಪರಿಚಿತರು. ಅವಳು ಅವರತ್ತ ಒಮ್ಮೆ ನೋಡಿ, ಹಿಡಿಕೆಯ ಮೇಲೆ ಬೆರಳು ಬಿಗಿಮಾಡಿದಳು. ಬೆರಳು ನಡುಗಲಿಲ್ಲ. ಮೊದಲ ಎಸೆತದಲ್ಲಿ ಅಂಜಿಕೆಯಿತ್ತು, ಗುಂಡು ಹತ್ತಿರದಲ್ಲೇ ಬಿತ್ತು. ಎರಡನೆಯದರಲ್ಲಿ ಸುತ್ತು ಕೂಡಿಬಂತು. ಗುಂಡು ಎತ್ತರಕ್ಕೆ ಹೋಗಿ ಎರಡು ಗೆರೆಗಳ ನಟ್ಟನಡುವೆ, ಹಸಿರಿನ ಮೇಲೆ, ಮಣ್ಣು ಚಿಮ್ಮಿಸಿ ಬಿತ್ತು. ಅವಳ ಹಿಂದಿನ ದಾಖಲೆಗಿಂತ ಅದು ಕಡಿಮೆಯೇ. ಆದರೂ ಎರಡನೆಯ ಸ್ಥಾನ ಬಂತು, ತಂಡದಲ್ಲಿ ಜಾಗ ಸಿಕ್ಕಿತು. ಈರಣ್ಣ ಮಾಸ್ತರರು ಟೋಪಿ ತೆಗೆದು ಮುಖ ಒರೆಸಿಕೊಳ್ಳುವ ನೆವದಲ್ಲಿ ಕಣ್ಣೂ ಒರೆಸಿಕೊಂಡರು. ಕಸ್ತೂರಿ ವಾರಿಜಾಳ ಬಳಿ ಬಂದು, ಗುಂಡು ಕೈಬಿಟ್ಟದ್ದು ಬಹಳ ದಿನಗಳ ಮೇಲೆ ತನಗೆ ಗೊತ್ತಾಯಿತೆಂದು ಹೇಳಿದಳು. ಇಷ್ಟು ದಿನ ಬೇರೆ ಯಾರೋ ಎಸೆದಂತೆ ಆಗುತ್ತಿತ್ತಂತೆ.

ಮುಂದಿನ ವರ್ಷ ವಾರಿಜಾ ಪಟ್ಟಿಗೆ ಹೊಸ ಪಾಠ ಕಲಿಸಿದಳು. ನರದ ಚುರುಕನ್ನು ಅದು ಈಗಲೂ ಅಳೆಯುತ್ತದೆ, ಆದರೆ ಕೆಫೀನು ಬಿಡುವುದಿಲ್ಲ. ದಣಿವು ಒಂದು ಮಿತಿ ದಾಟಿದರೆ ತೋಳಿನ ಮೇಲೆ ಕೆಂಪಗೆ ಹೊಳೆಯುತ್ತದೆ. ಕ್ರೀಡಾಪಟುಗಳಿಗೆಂದು ಮಾಡಿದ್ದು ನಿಧಾನಕ್ಕೆ ಬಸ್ಸು ಓಡಿಸುವವರು, ಕಾರ್ಖಾನೆಯಲ್ಲಿ ದುಡಿಯುವವರು ಮುಂತಾದವರ ತೋಳಿಗೂ ಬಂತು. ಮಾಲೀಕರಿಗೆ ಮೊದಮೊದಲು ಕಿರಿಕಿರಿಯಾಯಿತು. ದಣಿದಿದ್ದೇನೆ ಎಂದು ಆಳು ಹೇಳಿದರೆ ಸೋಮಾರಿ ಎನ್ನಬಹುದಿತ್ತು. ಕೆಂಪಗೆ ಹೊಳೆಯುವ ತೋಳಿಗೆ ಹಾಗೆನ್ನಲು ಬರುತ್ತಿರಲಿಲ್ಲ. ಪಾಳಿಗಳು ಬದಲಾದವು, ಕೆಲಸದ ನಡುವೆ ಮಲಗಲು ಕೋಣೆಗಳು ಬಂದವು.

ಕೆಲವು ವರ್ಷಗಳ ಮೇಲೆ ಒಂದು ದಿನ ವಾರಿಜಾ ಕಲಬುರ್ಗಿಗೆ ಹೋಗಲು ನಿಲ್ದಾಣಕ್ಕೆ ಬಂದಾಗ ಬಸ್ಸು ಹೊರಡದೆ ನಿಂತಿತ್ತು. ಜನ ಹೊರಗೆ ನೆರಳಿನಲ್ಲಿ ಗುಂಪಾಗಿದ್ದರು. ಏನಾಯಿತೆಂದು ಅವಳು ಕಂಡಕ್ಟರನನ್ನು ಕೇಳಿದಳು. ಅವನು ಬಾಯಿಗೆ ಬೆರಳಿಟ್ಟು ಒಳಗೆ ತೋರಿಸಿದ. ಕೊನೆಯ ಉದ್ದ ಸೀಟಿನಲ್ಲಿ ಡ್ರೈವರು ಅಂಗಾತ ಮಲಗಿದ್ದ. ಬೆಳಗಿನ ಜಾವ ದೂರದಿಂದ ಗಾಡಿ ತಂದವನು, ತೋಳಿನ ಪಟ್ಟಿ ಕೆಂಪಾಗಿತ್ತು. ಬದಲಿ ಡ್ರೈವರು ಬರುವವರೆಗೆ ಕಾಯಬೇಕಾಗಿತ್ತು.

ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ತಲೆಗೂದಲು ಪೂರ್ತಿ ಬೆಳ್ಳಗಾಗಿತ್ತು. ಆಕೆ ವಾರಿಜಾಳನ್ನು ಯಾರೆಂದು ಅರಿಯದೆ ಮಾತಿಗೆಳೆದಳು. ಮೂವತ್ತು ವರ್ಷದ ಹಿಂದೆ ತನ್ನ ಗಂಡನೂ ಇದೇ ದಾರಿಯಲ್ಲಿ ಬಸ್ಸು ಓಡಿಸುತ್ತಿದ್ದನೆಂದಳು.

"ಆವಾಗ ಯಾರಿಗೂ ಕೆಂಪ ದೀಪ ಇರಲಿಲ್ಲ ನೋಡ್ರಿ," ಎಂದಳು. "ಕಣ್ಣು ಎಳದ್ರ ಧಾಬಾಕ್ಕ ನಿಲ್ಲಿಸಿ ಒಂದ ಖಡಕ್ ಚಾ ಕುಡದು ಮತ್ತ ಸ್ಟೇರಿಂಗ್ ಹಿಡೀತಿದ್ರು. ಹಿಂದ ಕುಂತ ನಾವೆಲ್ಲಾ, ಭಾಳ ಗಟ್ಟಿ ಮನಷಾ ಅಂತಿದ್ವಿ."

ಗಂಡ ಈಗ ಹೇಗಿದ್ದಾನೆಂದು ಕೇಳಲು ವಾರಿಜಾಳಿಗೆ ಧೈರ್ಯ ಸಾಲಲಿಲ್ಲ. ಆಕೆಯೇ ನಕ್ಕು, ಅವನು ಮನೆಯಲ್ಲಿ ಮಲಗಿದ್ದಾನೆ, ಈಗ ನಿದ್ದೆಯೇ ಅವನ ಉದ್ಯೋಗ ಎಂದಳು. ವಾರಿಜಾಳೂ ನಕ್ಕಳು. ಬಸ್ಸಿನೊಳಗಿಂದ ಡ್ರೈವರನ ಗೊರಕೆ ಕೇಳಿಸುತ್ತಿತ್ತು. ಊರಿಗೆ ಹೊರಟ ಅಷ್ಟೂ ಜನ ಗಂಟುಮೂಟೆ ಕಾಲ ಬಳಿ ಇಟ್ಟುಕೊಂಡು, ದನಿ ತಗ್ಗಿಸಿ ಮಾತನಾಡುತ್ತ ಕಾಯುತ್ತಿದ್ದರು.