ಸೊಳ್ಳೆ ಅಕ್ಕನ ಟಿಕೆಟ್

“ಇದನ್ನ ಓದಿದ್ರೆ ಯಾರಿಗೂ ಅಳು ಬರಲ್ಲ ಕಣೇ,” ಎಂದಳು ಗೆಳತಿ ಸೋಡಾಬುಡ್ಡಿ, ದಪ್ಪ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳುತ್ತಾ.

ಬುಗುರಿ ತಾನು ಬರೆದದ್ದನ್ನು ಮತ್ತೆ ಓದಿಕೊಂಡಳು. ‘ನಮ್ಮ ಅಕ್ಕ ಸೊಳ್ಳೆಗಳ ಬಗ್ಗೆ ಓದಲು ಪರದೇಶಕ್ಕೆ ಹೋಗುತ್ತಾಳೆ. ವಿಮಾನದ ಟಿಕೆಟ್‌ಗೆ ಹಣ ಬೇಕು. ದಯವಿಟ್ಟು ಕೊಡಿ.’

“ಸರಿಯಾಗೇ ಇದೆಯಲ್ಲ?”

“ಏನು ಸರಿ? ಸೊಳ್ಳೆಗೆ ಯಾರು ದುಡ್ಡು ಕೊಡ್ತಾರೆ? ಸೊಳ್ಳೆ ಬೇಕಿದ್ರೆ ನಮ್ಮನೆ ಬಚ್ಚಲಿಗೇ ಬರಲಿ ನಿಮ್ಮಕ್ಕ. ಟಿಕೆಟ್ಟೇ ಬೇಡ.”

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಬುಗುರಿಯ ನಗು ಬೇಗ ನಿಂತುಹೋಯಿತು. ಉಳಿದಿದ್ದದ್ದು ಇಪ್ಪತ್ತೇ ದಿನ.

ಅಕ್ಕನಿಗೆ ಸಮುದ್ರದಾಚೆಯ ಒಂದು ದೊಡ್ಡ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು. ಫೀಸು ಬೇಡ, ಹಾಸ್ಟೆಲ್ ಖರ್ಚೂ ನಮ್ಮದೇ ಎಂದು ಅವರೇ ಬರೆದಿದ್ದರು. ಅಮ್ಮ ಇಸ್ತ್ರಿ ಅಂಗಡಿಯಲ್ಲಿ ದುಡಿದು ಕೂಡಿಟ್ಟದ್ದೆಲ್ಲ ವೀಸಾಕ್ಕೆ, ಚಳಿಗೆ ಹಾಕುವ ದಪ್ಪ ಕೋಟ್‌ಗೆ, ಒಂದು ಗಟ್ಟಿ ಸೂಟ್‌ಕೇಸಿಗೆ ಮುಗಿದುಹೋಗಿತ್ತು. ವಿಮಾನದ ಟಿಕೆಟ್ ಮಾತ್ರ ಬಾಕಿ.

ಮುಂದಿನ ವರ್ಷ ಬಂದರೆ ಆಗುತ್ತದೆಯೇ ಎಂದು ಅಕ್ಕ ಕೇಳಿ ಬರೆದಿದ್ದಳು. ಆಗುವುದಿಲ್ಲ ಎಂದು ಒಂದೇ ಸಾಲಿನ ಉತ್ತರ ಬಂತು. ಅಂದಿನಿಂದ ಅಕ್ಕ, “ಹೋಗ್ದಿದ್ರೆ ಏನು ಮುಳುಗಿಹೋಗುತ್ತೆ ಬಿಡು,” ಎನ್ನತೊಡಗಿದ್ದಳು. ಹಾಗೆನ್ನುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಬುಗುರಿ ಅದನ್ನು ಒಪ್ಪುವವಳಲ್ಲ. ಒಂದು ಕಡೆ ನಿಲ್ಲದ ಹುಡುಗಿ ಎಂದು ಆ ಹೆಸರಿಟ್ಟಿದ್ದರೂ, ಪಟ್ಟು ಹಿಡಿದರೆ ಮಾತ್ರ ಅವಳು ಅಲ್ಲಾಡುತ್ತಿರಲಿಲ್ಲ. ಟಿಕೆಟ್ ದುಡ್ಡನ್ನು ತಾನೇ ಸೇರಿಸುತ್ತೇನೆ ಎಂದು ನಿರ್ಧರಿಸಿಬಿಟ್ಟಿದ್ದಳು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

“ನಿಮ್ಮಪ್ಪ ಇಲ್ಲ ಅಂತ ಬರಿ,” ಎಂದಳು ಸೋಡಾಬುಡ್ಡಿ.

ಅದು ನಿಜವೇ. ಬುಗುರಿ ತೊಟ್ಟಿಲಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ಬರೆದಳು.

“ಊಟ ಇಲ್ದೆ ಓದಿದ್ಳು ಅಂತ ಬರಿ.”

“ಊಟ ಇತ್ತಲ್ಲ?”

“ಅಯ್ಯೋ, ಸ್ವಲ್ಪ ಉಪ್ಪು ಖಾರ ಹಚ್ಚಬೇಕಮ್ಮ. ಟಿವಿಲಿ ನೋಡಿಲ್ವಾ? ಬೀದಿ ದೀಪದ ಕೆಳಗೆ ಓದಿದ್ಳು ಅಂತಾನೂ ಸೇರಿಸು.”

ಕೊನೆಗೆ ಹಾಳೆ ಹೀಗಾಯಿತು: ‘ತಂದೆಯಿಲ್ಲದ ಬಡ ಹುಡುಗಿ. ಹೊತ್ತಿನ ಊಟಕ್ಕೂ ಗತಿಯಿಲ್ಲದೆ, ಹಸಿದ ಹೊಟ್ಟೆಯಲ್ಲಿ ಬೀದಿ ದೀಪದ ಕೆಳಗೆ ಓದಿ ಫಸ್ಟ್ ಬಂದವಳು. ಕರುಣೆ ತೋರಿ.’ ಕೆಳಗೆ ಅಕ್ಕನ ಫೋಟೊ. ಸೊಳ್ಳೆಯ ಸುದ್ದಿಯೇ ಇರಲಿಲ್ಲ.

ಜೆರಾಕ್ಸ್ ಅಂಗಡಿಯವನು ಓದಿ, “ಪಾಪ,” ಎಂದು ಹತ್ತು ಕಾಪಿ ಪುಕ್ಕಟೆ ತೆಗೆದುಕೊಟ್ಟ. ಸೋಡಾಬುಡ್ಡಿ ಬುಗುರಿಯ ಪಕ್ಕೆಗೆ ತಿವಿದಳು. “ನೋಡಿದ್ಯಾ? ಕೆಲಸ ಮಾಡ್ತಿದೆ!”

ನಿಜಕ್ಕೂ ಕೆಲಸ ಮಾಡಿತು. ಬುಧವಾರ ಬೇಕರಿಯಲ್ಲಿ ಒಂದು ಹಾಳೆ, ಅದರ ಕೆಳಗೆ ತೂತು ಕೊರೆದ ಬಿಸ್ಕತ್ತಿನ ಡಬ್ಬ. ಪಕ್ಕದ ಬೀದಿಯ ಎತ್ತರದ ಕಟ್ಟಡದ ಲಿಫ್ಟಿನಲ್ಲಿ ಇನ್ನೊಂದು ಹಾಳೆ. ಆ ಕಟ್ಟಡದ ಮನೆಮನೆಗೂ ಹೋಗಿ ಬೆಲ್ ಒತ್ತಿದರು. ಕೊಟ್ಟವರ ಮನೆ ನಂಬರನ್ನು ಬುಗುರಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಕ್ಕ ದೊಡ್ಡವಳಾದ ಮೇಲೆ ಎಲ್ಲರಿಗೂ ಥ್ಯಾಂಕ್ಸ್ ಹೇಳಬೇಕಲ್ಲ! ಶುಕ್ರವಾರದ ಹೊತ್ತಿಗೆ ಅವಳ ಕಾಲು ನೆಲದ ಮೇಲೇ ಇರಲಿಲ್ಲ.

ಆದರೆ ಶುಕ್ರವಾರದ ಮರುದಿನ ಶನಿವಾರ. ಅದನ್ನು ಬುಗುರಿ ಮರೆತೇಬಿಟ್ಟಿದ್ದಳು. ವಾರವೆಲ್ಲ ಅಂಗಡಿಯಲ್ಲೇ ಇರುವ ಅಮ್ಮ, ಇಸ್ತ್ರಿಯಾದ ಬಟ್ಟೆಯ ಗಂಟು ಹೊತ್ತು ಆ ಕಟ್ಟಡಕ್ಕೆ ಹೋಗುವುದು ಶನಿವಾರ.

ಸಂಜೆ ಅಮ್ಮ ಮನೆಗೆ ಬಂದಾಗ ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಅದನ್ನು ನೆಲದ ನಡುವೆ ಇಟ್ಟಳು. ಮುಚ್ಚಳ ತೆಗೆದಳು. ಒಳಗೆ ತಣ್ಣಗಾದ ಅನ್ನ, ಯಾರೋ ಅರ್ಧ ತಿಂದು ಬಿಟ್ಟ ಪಲ್ಯ.

“ಮೂರನೇ ಮಹಡಿ ಮೇಡಂ ಕೊಟ್ರು,” ಎಂದಳು ಅಮ್ಮ. “ಮಕ್ಕಳು ಹಸಿದಿರ್ತಾರೆ, ತಗೊಂಡು ಹೋಗಿ ಅಂದ್ರು. ನಂಗೆ ತಲೆ ಬುಡ ಅರ್ಥ ಆಗ್ಲಿಲ್ಲ. ಆಮೇಲೆ ಲಿಫ್ಟಲ್ಲಿ ಇದನ್ನ ನೋಡ್ದೆ.”

ಅಮ್ಮ ಸೆರಗಿನಿಂದ ಮಡಿಸಿದ ಹಾಳೆ ತೆಗೆದಳು. ಅಕ್ಕ ಇಸಿದುಕೊಂಡು ಓದಿದಳು. ಓದುತ್ತಾ ಓದುತ್ತಾ ಅವಳ ಕಿವಿಗಳು ಕೆಂಪಾದವು.

“ಬೀದಿ ದೀಪಾನಾ? ಬಲ್ಬ್ ಹೋದ್ರೆ ಅಮ್ಮ ಅವತ್ತೇ ಹೊಸದು ತಂದು ಹಾಕ್ತಿದ್ಳು. ಯಾರೇ ಹೇಳಿದ್ದು ನಿಂಗೆ ಇದನ್ನೆಲ್ಲ ಬರಿ ಅಂತ?”

ಬುಗುರಿ ಇಂಗು ತಿಂದ ಮಂಗನ ಹಾಗೆ ನಿಂತಳು. ಆದರೂ ಸೋಲಲಿಲ್ಲ. “ದುಡ್ಡು ಬಂತಲ್ಲ ಅಕ್ಕ! ಸೊಳ್ಳೆ ಅಂದ್ರೆ ಯಾರು ಕೊಡ್ತಿದ್ರು? ನೀನು ಹೋಗ್ಬೇಕು ತಾನೇ?”

“ಇಂಥ ದುಡ್ಡಲ್ಲಿ ನಾನು ಹೋಗಲ್ಲ.”

ಅಮ್ಮ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಬುಗುರಿಗೆ. ಅಮ್ಮ ಗೋಡೆಗೆ ಒರಗಿ ಕೂತು, ತನ್ನ ಅಂಗೈಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು. “ಹತ್ತು ವರ್ಷ ಆಯ್ತು ಕಣೇ ಮಗಳೇ, ಒಂದು ದಿನಾನೂ ನಿಮ್ಮನ್ನ ಹಸಿದು ಮಲಗಿಸಿಲ್ಲ. ನಾನು ಶಾಲೆ ಮುಖ ಸರಿಯಾಗಿ ನೋಡಿದವಳಲ್ಲ. ನನ್ನ ಹತ್ರ ಇದ್ದದ್ದು ಅದೊಂದೇ ಸರ್ಟಿಫಿಕೇಟು. ಅದನ್ನೂ ಹರಿದು ಲಿಫ್ಟಿಗೆ ಅಂಟಿಸಿಬಿಟ್ಯಲ್ಲ.”

 ಅಮ್ಮನಿಗೆ ಅಷ್ಟು ನೋವಾಗಬಹುದೆಂದು ಬುಗುರಿ ಕನಸಿನಲ್ಲೂ ಎಣಿಸಿರಲಿಲ್ಲ. ಅವಳಿಗೆ ಅಳು ಬಂತು. ಹಾಳೆ ಓದಿದ ಯಾರಿಗೂ ಬಾರದಷ್ಟು ಅಳು ಬಂತು.

ಭಾನುವಾರ ಬೆಳಗ್ಗೆ ಅವಳು ಮೊದಲು ಹಾಳೆಗಳನ್ನೆಲ್ಲ ಕಿತ್ತಳು. ಬೇಕರಿಯ ಡಬ್ಬಕ್ಕೆ ಯಾರು ಯಾರು ಹಾಕಿದ್ದರೋ ಗೊತ್ತಿಲ್ಲ. ಬೇಕರಿಯವನು, “ಕೇಳಿಕೊಂಡು ಬಂದವರಿಗೆ ನಾನು ವಾಪಸ್ ಕೊಡ್ತೀನಿ ಬಿಡು,” ಎಂದು ಅದನ್ನು ತಾನೇ ಇಟ್ಟುಕೊಂಡ. ಆಮೇಲೆ ನೋಟ್‌ಬುಕ್ ಹಿಡಿದು ಕಟ್ಟಡಕ್ಕೆ ಹೊರಟಳು. ಸೋಡಾಬುಡ್ಡಿ ಗೇಟಿನವರೆಗೆ ಬಂದವಳು, “ನಂಗೆ ಹೊಟ್ಟೆ ನೋವು ಕಣೇ,” ಎಂದು ಅಲ್ಲೇ ಉಳಿದಳು.

ಮೊದಲು ಮೂರನೇ ಮಹಡಿ. ತೊಳೆದ ಡಬ್ಬಿಯನ್ನೂ ಹಣವನ್ನೂ ಮುಂದೆ ಚಾಚಿ, ಒಂದೇ ಉಸಿರಿಗೆ ಹೇಳಿದಳು. “ಆಂಟಿ, ಆ ಹಾಳೆಲಿ ಬರ್ದಿದ್ದು ಸುಳ್ಳು. ನಮ್ಮನೇಲಿ ಊಟ ಇದೆ. ತಗೊಳ್ಳಿ.”

ಆಂಟಿ ಮುಖ ಗಂಟಿಕ್ಕಿದರು. “ಏನು ಕಾಲ ಬಂತಪ್ಪ!” ಎಂದು ಬಾಗಿಲು ಹಾಕಿಕೊಂಡರು.

ಬುಗುರಿ ಒಂದೊಂದೇ ಬೆಲ್ ಒತ್ತುತ್ತಾ ಹೋದಳು. ಒಬ್ಬರು ನಕ್ಕರು. ಒಬ್ಬರು, “ಇರಲಿ, ಇಟ್ಕೋ,” ಎಂದರು. ಬೇಡ ಎನ್ನುವುದು ಅಲ್ಲಿ ಇನ್ನೂ ಕಷ್ಟವಾಯಿತು. ಒಬ್ಬರು ಬೈದರು. ಹತ್ತು ಮನೆ ಮುಗಿಯಿತು. ಹನ್ನೊಂದನೆಯದು ಐದನೇ ಮಹಡಿಯ ಗುರ್ ತಾತನ ಮನೆ.

ತಾತ ಆ ಕಟ್ಟಡದ ಸಂಘಕ್ಕೆ ಸೆಕ್ರೆಟರಿ. ಯಾರನ್ನು ಕಂಡರೂ ಗುರ್ ಎನ್ನುತ್ತಿದ್ದುದರಿಂದ ಮಕ್ಕಳು ಆ ಹೆಸರಿಟ್ಟಿದ್ದರು.

“ಸುಳ್ಳು ಅಂತ ನೀನೇ ಬಂದು ಹೇಳ್ತಿದೀಯಾ?” ತಾತ ಕನ್ನಡಕದ ಮೇಲಿಂದ ನೋಡಿದರು. “ಹಾಗಾದ್ರೆ ನಿಜ ಏನು?”

ಇಷ್ಟು ಹೊತ್ತು ಯಾರೂ ಅದನ್ನು ಕೇಳಿರಲಿಲ್ಲ.

“ನಿಜ ಅಂದ್ರೆ… ನಮ್ಮಕ್ಕ ಸೊಳ್ಳೆ ಸಾಕ್ತಾಳೆ ತಾತ.”

“ಸೊಳ್ಳೆ ಸಾಕ್ತಾಳಾ? ನಾಯಿ ಸಾಕೋರನ್ನ ನೋಡಿದೀನಿ, ಬೆಕ್ಕು ಸಾಕೋರನ್ನ ನೋಡಿದೀನಿ…”

“ಜಾಮ್ ಬಾಟ್ಲಿಲಿ. ಮೇಲೆ ಬಟ್ಟೆ ಕಟ್ಟಿ. ನಾನು ಸಣ್ಣವಳಿದ್ದಾಗ ನಂಗೆ ಜೋರು ಜ್ವರ ಬಂದಿತ್ತಂತೆ. ಸೊಳ್ಳೆ ಜ್ವರ ಅಂದ್ರಂತೆ ಡಾಕ್ಟ್ರು. ಆ ಸೊಳ್ಳೆ ಎಲ್ಲಿಂದ ಬಂತು ಅಂತ ಅಕ್ಕ ಮನೆಯೆಲ್ಲ ಹುಡುಕಿದ್ಳಂತೆ. ಕೊನೆಗೆ ಅಮ್ಮ ಬಟ್ಟೆಗೆ ಚಿಮುಕಿಸೋಕೆ ನೀರಿಟ್ಟಿದ್ದ ಬಕೆಟ್‌ನಲ್ಲೇ ಮರಿ ಇದ್ವಂತೆ! ಅವತ್ತಿಂದ ಅವಳಿಗೆ ಅದೇ ಹುಚ್ಚು. ಹೆಣ್ಣು ಸೊಳ್ಳೆ ಮಾತ್ರ ಕಚ್ಚೋದು, ಗೊತ್ತಾ ನಿಮಗೆ?”

“ನಮ್ಮನೇಲಿ ಸೊಳ್ಳೆ ಇಲ್ಲಮ್ಮ. ವರ್ಷಾವರ್ಷ ಸಂಘದಿಂದ ಔಷಧಿ ಹೊಡಿಸ್ತೀನಿ ನಾನು.”

ಬುಗುರಿಯ ಕಣ್ಣು ಆಗಲೇ ಬಾಲ್ಕನಿಯ ಕಡೆ ಹೋಗಿತ್ತು. ಅಲ್ಲಿ ಸಾಲಾಗಿ ಹೂವಿನ ಕುಂಡಗಳು, ಕೆಳಗೆ ನೀರು ತುಂಬಿದ ತಟ್ಟೆಗಳು.

“ಆ ತಟ್ಟೆ ನೋಡ್ಲಾ ತಾತ?”

ತಾತ ಗುರ್ ಎನ್ನುವಷ್ಟರಲ್ಲಿ ಅವಳು ಅಲ್ಲಿದ್ದಳು. ತಟ್ಟೆಯ ನೀರಿನಲ್ಲಿ ಕೂದಲೆಳೆಯಂಥ ಮರಿಗಳು ಮೇಲೆ ಕೆಳಗೆ ಕುಣಿಯುತ್ತಿದ್ದವು. ತಾತ ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಇನ್ನೊಂದು ವಾರಕ್ಕೆ ಎಲ್ಲ ಹಾರ್ತಾವೆ,” ಎಂದಳು ಬುಗುರಿ.

ತಾತ ಸಾಲಿನ ಮಿಕ್ಕ ತಟ್ಟೆಗಳನ್ನೂ ಒಂದೊಂದಾಗಿ ಬಗ್ಗಿ ನೋಡಿದರು. ಆಮೇಲೆ, “ಇದನ್ನ ಯಾಕೆ ಬರೀಲಿಲ್ಲ ನೀನು ಹಾಳೆಲಿ, ದಡ್ಡಿ? ಹೋಗು, ನಿಮ್ಮಕ್ಕನ್ನ ಕರ್ಕೊಂಡು ಬಾ,” ಎಂದರು.

ಅಕ್ಕ ಮೊದಲು ಒಪ್ಪಲಿಲ್ಲ. “ಯಾರ ಮುಂದೇನೂ ಕೈ ಚಾಚಲ್ಲ,” ಎಂದಳು.

“ಕೈ ಚಾಚಬೇಡ. ಕೆಲಸ ತೋರ್ಸು ಅಷ್ಟೇ,” ಎಂದು ಬುಗುರಿ ಅವಳ ಹಿಂದೆ ಹಿಂದೆಯೇ ತಿರುಗಿದಳು. ಅಡುಗೆಮನೆಗೆ ಹೋದರೆ ಅಲ್ಲಿಗೆ, ಬಟ್ಟೆ ಒಣಹಾಕಲು ಹೋದರೆ ಅಲ್ಲಿಗೆ. ಮೂರನೇ ದಿನ ಅಕ್ಕ, “ನಿನ್ನ ಕಾಟಕ್ಕಿಂತ ಸೊಳ್ಳೆ ಕಾಟ ವಾಸಿ,” ಎಂದು ಟಾರ್ಚು, ಬಾಟಲಿ ಎತ್ತಿಕೊಂಡಳು.

ಉಳಿದ ವಾರವೆಲ್ಲ ಅಕ್ಕ ಆ ಕಟ್ಟಡದ ಮೂಲೆ ಮೂಲೆ ಹುಡುಕಿದಳು. ನೀರಿನ ಟ್ಯಾಂಕು, ಲಿಫ್ಟಿನ ಗುಂಡಿ, ಹಳೇ ಟೈರು, ಫ್ರಿಜ್ಜಿನ ಹಿಂದಿನ ತಟ್ಟೆ. ಯಾವ ಮನೆಯಲ್ಲಿ ಎಷ್ಟು ಮರಿ ಸಿಕ್ಕವು ಎಂದು ಬುಗುರಿ ಬರೆದುಕೊಂಡಳು. ಸೋಡಾಬುಡ್ಡಿಯ ಹೊಟ್ಟೆ ನೋವೂ ವಾಸಿಯಾಗಿ, ಅವಳೇ ಟಾರ್ಚು ಹಿಡಿದಳು.

ಮುಂದಿನ ಭಾನುವಾರ ಕೆಳಗೆ ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿದರು. ಎದುರು ಕಟ್ಟಡದವರೂ ಬಂದರು. ಮೇಜಿನ ಮೇಲೆ ಸಾಲಾಗಿ ಬಾಟಲಿಗಳು, ಒಂದೊಂದಕ್ಕೂ ಮನೆ ನಂಬರು ಬರೆದ ಚೀಟಿ. ತಮ್ಮ ತಮ್ಮ ನಂಬರು ಹುಡುಕಿ ದೊಡ್ಡವರೆಲ್ಲ ನಾಚಿಕೊಂಡರು. ಅತಿ ಹೆಚ್ಚು ಮರಿಗಳಿದ್ದ ಬಾಟಲಿ ಗುರ್ ತಾತನದು. ಅಕ್ಕ ನಗಿಸುತ್ತಾ, ಹೆದರಿಸುತ್ತಾ ಒಂದು ಗಂಟೆ ಮಾತಾಡಿದಳು. ಅವಳ ಕಣ್ಣು ಅಷ್ಟು ಹೊಳೆದದ್ದನ್ನು ಬುಗುರಿ ಎಷ್ಟೋ ದಿನದಿಂದ ನೋಡಿರಲಿಲ್ಲ.

ಆಮೇಲೆ ತಾತ ಎದ್ದು ನಿಂತರು. “ಈ ಸಲ ಔಷಧಿ ಹೊಡಿಸೋ ದುಡ್ಡನ್ನ ಸಂಘ ಈ ಹುಡುಗಿಗೆ ಕೊಡುತ್ತೆ. ಕೆಲಸ ಮಾಡಿದ್ದಾಳೆ, ಕೂಲಿ ಕೊಡ್ತೀವಿ. ಟಿಕೆಟ್‌ಗೆ ಇನ್ನೂ ಕಡಿಮೆ ಬೀಳುತ್ತೆ. ಇವಳು ಓದಿ ಬರಲಿ ಅನ್ನೋರು ಈ ಪೆಟ್ಟಿಗೆಗೆ ಹಾಕಿ.”

ಜನ ಸಾಲಾಗಿ ಬಂದರು. ಆಗ ಎದುರು ಕಟ್ಟಡದ ಒಬ್ಬ ಹೆಂಗಸು ಬುಗುರಿಯ ಹತ್ತಿರ ಬಂದರು. ಹೆಗಲಲ್ಲಿ ದೊಡ್ಡ ಬ್ಯಾಗು.

“ನೀನು ತಂಗೀನಾ? ಬೇಕರೀಲಿ ಆ ಹಾಳೆ ಓದಿದ್ದೆ ನಾನು. ಕಣ್ಣಲ್ಲಿ ನೀರು ಬಂತಮ್ಮ. ಪಾಪ, ಹಸ್ಕೊಂಡು ಓದಿದ್ಳಂತಲ್ಲ, ಹೌದಾ?”

ಬ್ಯಾಗಿನ ಜಿಪ್ ತೆರೆದಿತ್ತು. ಒಳಗೆ ದೊಡ್ಡ ದೊಡ್ಡ ನೋಟುಗಳು. ಹಿಂದಿನಿಂದ ಸೋಡಾಬುಡ್ಡಿ ಪಿಸುಗುಟ್ಟಿದಳು. “ಹೂಂ ಅನ್ನೇ! ಒಂದು ಸಲ ಹೂಂ ಅನ್ನು, ಟಿಕೆಟ್ ಆಗೋಗುತ್ತೆ!”

ಬುಗುರಿ ಕಂಬದ ಕಡೆ ನೋಡಿದಳು. ಅಲ್ಲಿ ಕುರ್ಚಿಯಲ್ಲಿ ಅಮ್ಮ ನೆಟ್ಟಗೆ ಕೂತಿದ್ದಳು. ಊರವರ ಬಟ್ಟೆಗೆಲ್ಲ ಇಸ್ತ್ರಿ ಹಾಕುವ ಅಮ್ಮ ಇವತ್ತು ತನ್ನ ಸೀರೆಗೂ ಹಾಕಿಕೊಂಡು ಬಂದಿದ್ದಳು.

“ಇಲ್ಲ ಆಂಟಿ,” ಎಂದಳು ಬುಗುರಿ. “ಅದು ನಾನು ಬರ್ದ ಸುಳ್ಳು. ನಮ್ಮನೇಲಿ ಯಾರೂ ಯಾವತ್ತೂ ಹಸ್ಕೊಂಡು ಮಲಗಿಲ್ಲ. ಅಗೋ ಅಲ್ಲಿ ಕೂತಿದ್ದಾರಲ್ಲ, ಅವರು ನಮ್ಮಮ್ಮ. ಅವರು ಮಲಗಿಸಿಲ್ಲ.”

“ಓ… ಹಾಗಾ,” ಎಂದರು ಆ ಹೆಂಗಸು. ಬ್ಯಾಗಿನೊಳಗೆ ಹೋದ ಕೈ ಸ್ವಲ್ಪ ಹುಡುಕಾಡಿ, ಒಂದು ಚಿಕ್ಕ ನೋಟು ಹಿಡಿದು ಹೊರಬಂತು. ಸೋಡಾಬುಡ್ಡಿ ಹಣೆ ಚಚ್ಚಿಕೊಂಡಳು.

ಸ್ವಲ್ಪ ಹೊತ್ತಿಗೆ ತಾತ ಪೆಟ್ಟಿಗೆ ತೆರೆದು, ಫೋನಿನಲ್ಲಿ ಏನೇನೋ ಒತ್ತಿ ನೋಡಿದರು. ನೇರವಾಗಿ ಹೋಗುವ ವಿಮಾನಕ್ಕೆ ಸಾಲದು. ಎರಡು ಕಡೆ ಇಳಿದು, ಒಂದು ಕಡೆ ಹದಿನೇಳು ಗಂಟೆ ಬೆಂಚಿನ ಮೇಲೆ ಕಾಯುವ ಟಿಕೆಟ್ ಆದರೆ ಸರಿಹೋಗುತ್ತದೆ ಎಂದರು.

“ಇಪ್ಪತ್ತೇಳು ಗಂಟೆ ಆದ್ರೂ ಕಾಯ್ತೀನಿ ತಾತ!” ಎಂದು ಅಕ್ಕ ಕುಣಿದೇಬಿಟ್ಟಳು.

ಗದ್ದಲದ ನಡುವೆ ಬುಗುರಿ ಹೋಗಿ ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತಳು.

“ಯಾರು ಅವರು, ಬ್ಯಾಗ್ ಇಟ್ಕೊಂಡಿದ್ದೋರು?” ಅಮ್ಮ ಕೇಳಿದಳು. “ಏನು ಕೇಳ್ತಿದ್ರು ನಿನ್ನ?”

“ನಿನ್ನ ಬಗ್ಗೆ ಕೇಳ್ತಿದ್ರು.”

“ನನ್ನ ಬಗ್ಗೆ? ನೀನೇನಂದೆ?”

“ಇದ್ದದ್ದು ಇದ್ದ ಹಾಗೆ ಹೇಳ್ದೆ.”

ಅಮ್ಮ ಬುಗುರಿಯ ಫ್ರಾಕಿನ ಮುದುರಿದ ಕಾಲರನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಒತ್ತಿ ಸರಿಮಾಡಿದಳು.