ಮಲ್ಲಕ್ಕ ಬರೆಸಿದ ಹೆಸರು

ಇದು ನಡೆದದ್ದು ೧೯೮೮ರಲ್ಲಿ, ನವಲಗುಂದದ ತಾಲ್ಲೂಕು ಕಚೇರಿಯ ನಮ್ಮ ಕಂಪ್ಯೂಟರ್ ಕೋಣೆಯಲ್ಲಿ, ಹಾಡಹಗಲೇ. ಶಲವಡಿಯ ಶಿವಗಂಗವ್ವ ಗಂಡ ಕುಬೇರಪ್ಪ ಸತ್ತ ಮೇಲೆ ಮನೆಯಲ್ಲಿ ಪಾಲು ಕೇಳಿದ್ದಳು. "ನೀ ನಮ್ಮಣ್ಣನ ಹೇಂತಿನ ಅಲ್ಲ" ಎಂದುಬಿಟ್ಟಿದ್ದ ಮೈದುನ ಹೊಳೆಪ್ಪ. ಸಾಕ್ಷಿಗೆ, ಆರು ವರ್ಷದ ಹಿಂದೆ ಊರಿನ ಮನೆಮಂದಿಯ ಗಣತಿ ತುಂಬಿಟ್ಟ ಒಂದೇ ಒಂದು ಹಳೆಯ ಫ್ಲಾಪಿ ಉಳಿದಿತ್ತು. ಅದಕ್ಕೂ ಬೂಸ್ಟು ಹಿಡಿದಿತ್ತು. ಒರೆಸಿ ಡ್ರೈವಿಗೆ ಹಾಕಿದೆ. ಇಬ್ಬರೂ ನನ್ನ ಬೆನ್ನ ಹಿಂದೆ ನಿಂತಿದ್ದರು.

ಡ್ರೈವಿನಿಂದ ಟಪ್, ಟಪ್ ಎಂದು ರೊಟ್ಟಿ ಬಡಿಯುವ ಸದ್ದು ಬಂತು. ಆ ಬಿಸಿಲಲ್ಲೂ ಕೀಲಿಮಣೆ ತಣ್ಣಗಾಯಿತು. ಬೆರಳಿಗೆ ಜೋಳದ ಹಿಟ್ಟು ಹತ್ತಿತು.

"ಸಾಕವಾ ತಂಗಿ, ಬಂದ್ ಮಾಡು!" ಹೊಳೆಪ್ಪ ಬಾಗಿಲಿಗೆ ಸರಿದ.

"ಮಾಡಂಗಿಲ್ರಿ" ಎಂದೆ. ನಮ್ಮಜ್ಜಿಯ ಕಥೆಗಳಲ್ಲಿ ಇಂಥ ಹೊತ್ತಿಗೆ ಹಿಂದಿರುಗಿ ನೋಡಿದವರು ಕೆಡುತ್ತಾರೆ. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಸಾಲುಗಳು ಒಂದೊಂದಾಗಿ ಮೂಡಿದವು. ಗಟ್ಟಿಯಾಗಿ ಓದಿದೆ: "ಕುಬೇರಪ್ಪ. ಹೆಂಡತಿ, ಶಿವಗಂಗವ್ವ. ಮಾಹಿತಿ ಹೇಳಿದವರು, ತಾಯಿ ಮಲ್ಲಕ್ಕ."

"ಸುಳ್ಳು! ನಮ್ಮವ್ವ ಗಣತಿಗಿಂತ ಮೂರು ವರ್ಷ ಮೊದಲಽ ಸತ್ತಾಳ!"

ಶಿವಗಂಗವ್ವ ಸೆರಗು ಬಿಗಿದು ಅವನಿಗೆ ಎದುರಾದಳು. "ಹೌದ್ಲೇ, ಸತ್ತಿದ್ಳು. ನಿನ್ನ ಬುದ್ಧಿ ಹಡದಾಕಿಗೆ ಗೊತ್ತಿರಂಗಿಲ್ಲೇನು? ಬಂದು ಬರಿಸ್ಯಾಳ."

ಹಾಳೆ ಅಚ್ಚು ಹಾಕಿ ಆಕೆಯ ಕೈಗೆ ಕೊಟ್ಟೆ. ಎಲ್ಲರ ಹೆಸರಿನ ಮುಂದೆಯೂ ವಯಸ್ಸಿತ್ತು. ಮಲ್ಲಕ್ಕನ ಮುಂದೆ ಮಾತ್ರ ಆ ಜಾಗ ಖಾಲಿ ಇತ್ತು.