ಮೂಗಿನ ಮೇಲೊಂದು ಬಿಳಿ ಬೊಟ್ಟು

ಬಹಳ ಹಿಂದೆ, ನಕ್ಷೆ ಬರೆಯುವವರು ಇನ್ನೂ ಕಾಲಿಡದ ಒಂದು ಚೀನೀ ಬೆಟ್ಟರಾಜ್ಯದಲ್ಲಿ, ಮೂರು ದಾರಿ ಕೂಡುವಲ್ಲಿ, ಯಿನ್‌ಶೂ ಎಂಬ ಹೆಂಗಸು ಒಂದು ಕಲ್ಲಿನ ಆಮೆಯನ್ನು ದಾರಿ ಕೇಳುತ್ತಿದ್ದಳು. ಕೇಳಲು ಬೇರೆ ಯಾರೂ ಸಿಕ್ಕಿರಲಿಲ್ಲ.

"ಅಜ್ಜಾ, ಹಳದಿ ಪರದೆಯ ಮೇಳದ ಮನೆಗೆ ಯಾವ ದಾರಿ? ಬೇಗ ಹೇಳು, ಹೊತ್ತು ಇಳೀತಿದೆ."

"ಧ್ವನಿ ಕೇಳಿದ್ರೆ ಮೇಳದವಳೇ ಇದ್ದ ಹಾಗಿದೆ," ಎಂದಿತು ಆಮೆ. "ನಿನ್ನ ಮನೆಗೆ ನೀನೇ ದಾರಿ ಕೇಳ್ತೀಯಾ?"

"ಬಿಟ್ಟು ಹೋಗೋ ದಾರಿಗಳೆಲ್ಲ ಗೊತ್ತು. ವಾಪಸ್ ಬಂದು ಅಭ್ಯಾಸ ಇಲ್ಲ."

ಅದು ಸುಳ್ಳಲ್ಲ. ಯಿನ್‌ಶೂ ಆ ಮೇಳದ ವಿದೂಷಕಿ. ಮರಳುಗಾಡಿನ ಸಂತೆಗಳಲ್ಲಿ ಕುಣಿದವಳು, ಹಡಗಿನವರ ಜೊತೆ ಜಗಳವಾಡಿದವಳು, ಒಂದೇ ಹಾಸಿಗೆಯಲ್ಲಿ ಎರಡು ಹುಣ್ಣಿಮೆ ಮಲಗಿದರೆ ಬೆನ್ನು ನೋಯುತ್ತದೆ ಎನ್ನುವವಳು.

ಆ ಮೇಳವನ್ನು ಕಟ್ಟಿದವನು ಒಬ್ಬ ದೊರೆ. ನಗಾರಿ, ಜಾಗಟೆ, ಎರಡು ತಂತಿಯ ಪಿಟೀಲು, ಹಾಡುವವರು, ಕುಣಿಯುವವರು ಎಲ್ಲರನ್ನೂ ಕೂಡಿಸಿದ. ದಿನವಿಡೀ ದೊರೆಯಾಗಿಯೇ ಇದ್ದು ಬೇಸತ್ತಿದ್ದರಿಂದ, ತನಗೆ ಮಾತ್ರ ವಿದೂಷಕನ ಪಾತ್ರ ಇಟ್ಟುಕೊಂಡ. ದೊರೆ ಮೂಗಿಗೆ ಬಿಳಿ ಬೊಟ್ಟು ಇಟ್ಟುಕೊಳ್ಳುವ ಮೊದಲು ಬೇರೆಯವರು ಬಣ್ಣ ಮುಟ್ಟುವುದುಂಟೇ? ಅಂದಿನಿಂದ ಅದೇ ಕಟ್ಟಳೆ. ವಿದೂಷಕನ ಮೂಗು ಬೆಳ್ಳಗಾಗುವ ತನಕ ಆ ಮೇಳದಲ್ಲಿ ಯಾರು ಬಳಿದರೂ ಬಣ್ಣ ನಿಲ್ಲದು. ಕೆಸುವಿನೆಲೆಯ ಮೇಲಿನ ನೀರಿನಂತೆ ಜಾರಿಹೋಗುತ್ತದೆ. ಆ ಬೊಟ್ಟನ್ನೂ ಮೇಳದವರ ನಡುವೆ ನಿಂತು ಇಟ್ಟರಷ್ಟೇ ಲೆಕ್ಕ. ಒಬ್ಬ ವಿದೂಷಕ ಬದುಕಿರುವಾಗ ಇನ್ನೊಬ್ಬರ ಮೂಗಿಗೆ ಆ ಭಾಗ್ಯವೂ ಇಲ್ಲ.

ಯಿನ್‌ಶೂ ಗಂಟು ಕಟ್ಟಿಕೊಂಡು ಹೊರಟ ಸಂಜೆ, ನಗಾರಿ ಬಾರಿಸುವ ಮೇಳದ ಯಜಮಾನ ತಾನ್ ಪೋ ಬಾಗಿಲ ತನಕ ಓಡಿಬಂದಿದ್ದ. "ಇವತ್ತಿನ ಆಟಕ್ಕಾದರೂ ಒಂದು ಬೊಟ್ಟು ಇಟ್ಟು ಹೋಗು, ಮಗಳೇ. ಜನ ಬಂದು ಕೂತಿದ್ದಾರೆ."

"ಸಾಲ ಅಂತ ಬರೆದುಕೋ ಯಜಮಾನಾ," ಎಂದು ನಗುತ್ತ ಹೋಗಿಬಿಟ್ಟಿದ್ದಳು.

ಬಣ್ಣವಿಲ್ಲದ ಮುಖಗಳ ವಾಸನೆ ಹಿಡಿದು ಕ್ವೇ ಎಂಬ ಮಾಯಾವಿ ಬಂದ. ಬಣ್ಣ ಬಳಿದ ಮುಖ ಅವನ ಕೈಗೆ ಅಂಟುವುದಿಲ್ಲ, ಬರಿ ಮುಖವಾದರೆ ಹಣ್ಣಿನ ಸಿಪ್ಪೆಯಂತೆ ಸುಲಿದು ಬರುತ್ತದೆ. ಊರವರ ಮುಖ ಅವನಿಗೆ ಬೇಡ. ನಟರ ಒಂದೊಂದು ಮುಖದಲ್ಲಿ ನೂರು ಮುಖಗಳಿರುತ್ತವಲ್ಲ! ಅಮಾವಾಸ್ಯೆಗೊಂದರಂತೆ ಸುಲಿದು ಒಯ್ದ. ಮುಖ ಹೋದವರು ಮೊಟ್ಟೆಯಂತೆ ನುಣ್ಣಗಾಗಿ, ನೋಡಲಾಗದೆ, ಮಾತಾಡಲಾಗದೆ, ಗೋಡೆಗೊರಗಿ ಕುಳಿತರು. ಉಳಿದದ್ದು ತಾನ್ ಪೋ ಒಬ್ಬನ ಮುಖ. ದೂರದ ಬಂದರಿನಲ್ಲಿ ಒಬ್ಬ ಬಳೆಗಾರ ಇದನ್ನು ಹೇಳಿದಾಗ ಯಿನ್‌ಶೂ ಕೈಯಲ್ಲಿದ್ದ ಸಾರಿನ ಬಟ್ಟಲನ್ನು ಅಲ್ಲೇ ಬಿಟ್ಟು ಹೊರಟಿದ್ದಳು. ಇವತ್ತು ಅಮಾವಾಸ್ಯೆ. ಸೂರ್ಯ ಮುಳುಗಿದರೆ ಕ್ವೇ ಬರುತ್ತಾನೆ.

"ಮಳೆ ನನ್ನ ಕಣ್ಣು ತೊಳೆದುಬಿಟ್ಟಿದೆ," ಎಂದಿತು ಆಮೆ. "ಮೇಳದವಳ ಹತ್ತಿರ ಬಣ್ಣದ ಡಬ್ಬಿ ಇರಲೇಬೇಕು. ಅದರ ಬಿಳಿಯಲ್ಲಿ ಎರಡು ಕಣ್ಣು ಬರೆದುಕೊಡು. ನೋಡಿ ದಾರಿ ಹೇಳ್ತೀನಿ."

ಡಬ್ಬಿಯಲ್ಲಿ ಇದ್ದದ್ದೇ ಬೆರಳ ತುದಿಯಷ್ಟು. ಡಬ್ಬಿ ತೆರೆದಳು, ನೋಡಿದಳು, ನಿಟ್ಟುಸಿರಿಟ್ಟಳು, ಕೊಟ್ಟಳು. ಆಮೆ ಕಣ್ಣು ಮಿಟುಕಿಸಿ, "ಎಡಕ್ಕೆ ಹೋಗು. ಓಡು!" ಎಂದಿತು.

ಮುಂದೆ ಹೊಳೆ. ಸೇತುವೆ ಕೊಚ್ಚಿಹೋಗಿತ್ತು. ದಡದಲ್ಲಿ ಆನೆಯಷ್ಟು ದೊಡ್ಡ ಕಪ್ಪು ಹಕ್ಕಿ ಮುಖ ಊದಿಸಿಕೊಂಡು ನಿಂತಿತ್ತು.

"ನಾನು ಕೊಕ್ಕರೆ ಕಣಮ್ಮಾ," ಎಂದು ಗೋಳಾಡಿತು. "ಆ ಕ್ವೇ ಹೋಗುವಾಗ ಬಿಟ್ಟ ಹೊಗೆಗೆ ಹೀಗಾದೆ. ಹೆಂಡತಿ ಕಾಗೆ ಅಂತ ಗೂಡಿಂದ ಅಟ್ಟಿದಳು. ಒಂದು ಗರಿ ಬೆಳ್ಳಗೆ ಮಾಡು, ದಾಟಿಸ್ತೀನಿ."

"ನಿನ್ನ ಸಂಸಾರ ಸರಿ ಮಾಡೋಕೆ ನನಗೆ ಹೊತ್ತಿದೆಯಾ?" ಎಂದು ಯಿನ್‌ಶೂ ಬೈದಳು. ಆದರೆ ಸೂರ್ಯ ಬೆಟ್ಟದ ತುದಿಗೆ ತಾಗಿದ್ದ. ಡಬ್ಬಿ ತೆರೆದಳು, ನೋಡಿದಳು, ನಿಟ್ಟುಸಿರಿಟ್ಟಳು, ಕೊಟ್ಟಳು. ಕೊಕ್ಕರೆ ಅವಳನ್ನು ಹೊತ್ತು ಹಾರಿತು.

ಮೇಳದ ಮನೆಯ ಬಾಗಿಲ ಮೇಲೆ ಚಿತ್ರದ ಸೇನಾಪತಿಯೊಬ್ಬ ಕಾವಲಿದ್ದ. ಅವನ ಕಣ್ಣುಗಳನ್ನು ಕ್ವೇ ಕೆರೆದು ಹಾಕಿದ್ದ. ಹೆಜ್ಜೆ ಸಪ್ಪಳವಾದ ಕಡೆಗೆ ಭರ್ಜಿ ತಿವಿಯುತ್ತಿದ್ದ.

"ನಾನಯ್ಯಾ, ಯಿನ್‌ಶೂ!"

"ಹಾಗಂತ ಅವನೂ ಹೇಳ್ತಾನೆ. ಕಣ್ಣಾರೆ ನೋಡದೆ ಬಿಡಲ್ಲ."

ಸೂರ್ಯ ಮುಳುಗಿ, ಕೊನೆಯ ಬೆಳಕಷ್ಟೇ ಹೆಂಚಿನ ಮೇಲಿತ್ತು. ಡಬ್ಬಿ ತೆರೆದಳು, ನೋಡಿದಳು. ಈ ಸಲ ನಿಟ್ಟುಸಿರೂ ಬರಲಿಲ್ಲ. ತಳ ಕೆರೆದು ಅವನಿಗೆ ಎರಡು ಕಣ್ಣು ಬರೆದಳು. ಬಾಗಿಲು ತೆರೆಯಿತು. ಡಬ್ಬಿ ಖಾಲಿ.

ಒಳಗೆ ಕ್ವೇ ಆಗಲೇ ಬಂದಿದ್ದ. ಸೇನಾಪತಿಯ ಭರ್ಜಿ ತಪ್ಪಿಸಿ ನುಸುಳುವುದು ಅವನಿಗೆ ರೂಢಿಯಾಗಿತ್ತು. ತಾನ್ ಪೋನ ಗಲ್ಲದ ಕೆಳಗೆ ಉಗುರಿಟ್ಟು ಕುಳಿತಿದ್ದ. ತೋಳು ಬೀಸಿದರೆ ಅವನಿಗೊಂದು ಮುಖ, ಮತ್ತೆ ಬೀಸಿದರೆ ಇನ್ನೊಂದು.

"ಓಹೋ, ವಿದೂಷಕಿ!" ಹಾಡುಗಾತಿಯ ಮುಖದಲ್ಲಿ ನಕ್ಕ. "ಬಣ್ಣ ತಂದೆಯಾ?" ಪಿಟೀಲಿನವನ ಮುಖದಲ್ಲಿ ಕೇಳಿದ. "ಇವನದಾದ ಮೇಲೆ ನಿನ್ನದು."

ಯಿನ್‌ಶೂಳ ಕಣ್ಣು ಸುತ್ತ ಹುಡುಕಿತು. ಮೇಳದ ಬಣ್ಣದ ಬಟ್ಟಲುಗಳಲ್ಲಿ ಕೆಂಪಿತ್ತು, ಕಪ್ಪಿತ್ತು, ಬಿಳಿ ಮಾತ್ರ ಇರಲಿಲ್ಲ. ಬಿಳಿ ಬೇಕು, ಏನಾದರೂ ಬಿಳಿ. ಗೋಡೆಯ ಗೂಡಿನಲ್ಲಿ ಮೇಳ ಕಟ್ಟಿದ ದೊರೆಯ ಪುಟ್ಟ ಮೂರ್ತಿ. ಅದರ ಮುಂದೆ ನೈವೇದ್ಯಕ್ಕಿಟ್ಟ, ಹಬೆಯಲ್ಲಿ ಬೇಯಿಸಿದ ಬನ್ನು, ಮೇಲೆ ಒಣ ಹಿಟ್ಟು.

"ಸ್ವಲ್ಪ ಪಕ್ಕಕ್ಕೆ ಸರಿ, ದೊರೆಯೇ," ಎಂದು ಬನ್ನನ್ನು ಎಳೆದು ಮೂಗಿಗೆ ಒತ್ತಿಕೊಂಡಳು. ಒಣ ಹಿಟ್ಟು ನಿಲ್ಲುವುದೇ? ನಿಂತಿತು. ದಾರಿಯುದ್ದಕ್ಕೂ ಹೆದರಿ ಹೆದರಿ ಅವಳ ಮೂಗು ಬೆವರಿನಲ್ಲಿ ತೊಯ್ದಿತ್ತು.

"ಬಳಿದುಕೊಳ್ಳಿ!" ಎಂದು ಕೂಗಿದಳು.

ತಾನ್ ಪೋ ಪಕ್ಕದ ಬಟ್ಟಲಿಗೆ ಕೈ ಅದ್ದಿ ಮುಖಕ್ಕೆ ಕೆಂಪು ಎಳೆದ. ಕ್ವೇನ ಉಗುರು ಜಾರಿತು. ಗೋಡೆಗೊರಗಿದ್ದವರು ತಡಕಾಡಿ ಕುಂಚ ಹಿಡಿದರು. ಹಾಡುಗಾತಿ ತನ್ನ ನುಣ್ಣನೆ ಮುಖಕ್ಕೆ ಹುಬ್ಬು ಬರೆದಳು. ಕ್ವೇನ ಹುಬ್ಬು ಅಳಿಸಿತು. ತುಟಿ ಬರೆದಳು, ಅವನ ನಗು ಹೋಯಿತು. ಅವನು ತೋಳು ಬೀಸಿ ಮುಖ ಬದಲಿಸಿದ. ಅಷ್ಟರಲ್ಲಿ ಪಿಟೀಲಿನವನು ಕಣ್ಣು ಬರೆದುಕೊಂಡಿದ್ದ. ಬೀಸಿದ, ಬೀಸಿದ, ಬೀಸಿದ. ಪ್ರತಿ ಮುಖವೂ ತನ್ನ ಒಡೆಯನಿಗೆ ಮರಳಿತು. ಕ್ವೇ ಬಾಗಿಲಿಗೆ ಓಡಿದ. ಈಗ ಕಣ್ಣಿದ್ದ ಸೇನಾಪತಿ ಭರ್ಜಿಯನ್ನು ಅಡ್ಡ ಹಿಡಿದ. ಕೊನೆಯ ಮುಖವೂ ಉದುರಿದಾಗ ಕೆಳಗೆ ಅವನದೇ ಆದ ಮುಖವೆಂಬುದು ಇರಲಿಲ್ಲ, ತಲೆಯೂ ಇರಲಿಲ್ಲ. ಬರೀ ಒಂದು ನಿಲುವಂಗಿ ಹೊಸ್ತಿಲ ಮೇಲೆ ಕುಸಿದುಬಿತ್ತು. ಮೇಳದ ವೇಷಭೂಷಣ ನೋಡಿಕೊಳ್ಳುವ ಮುದುಕಿ ಅದನ್ನು ಕೊಡವಿ, "ಒಳ್ಳೆ ರೇಷ್ಮೆ, ರಾಕ್ಷಸನ ಪಾತ್ರಕ್ಕಾಗುತ್ತೆ," ಎಂದು ಪೆಟ್ಟಿಗೆಗೆ ಹಾಕಿದಳು.

ನಕ್ಕರು, ಅತ್ತರು, ಒಬ್ಬರ ಮುಖ ಒಬ್ಬರು ಮುಟ್ಟಿ ನೋಡಿದರು. ತಾನ್ ಪೋ ಮಾತ್ರ ಯಿನ್‌ಶೂಳ ಕಾಲನ್ನೇ ನೋಡುತ್ತಿದ್ದ. ಅದು ಆಗಲೇ ಬಾಗಿಲ ಕಡೆಗೆ ತಿರುಗಿತ್ತು.

"ಹೋಗೋದೇ ಆದ್ರೆ ಹೋಗು," ಎಂದ. "ಈ ಸಲ ನಾವೂ ಹಿಂದೆಯೇ ಬರ್ತೀವಿ."

"ನಗಾರಿ ಯಾರು ಹೊರೋದು?"

"ನೀನೇ!"

ಹಳದಿ ಪರದೆಯ ಮೇಳ ಊರೂರು ತಿರುಗಲು ಶುರುವಾದದ್ದು ಹೀಗೆ. ಸೇನಾಪತಿಯನ್ನು ಬಾಗಿಲ ಸಮೇತ ಕಿತ್ತು ಗಾಡಿಗೆ ಹಾಕಿಕೊಂಡರು. ಮೊದಲ ಬಿಡಾರ ಮೂರು ದಾರಿ ಕೂಡುವಲ್ಲಿ. ಮುಂದಿನ ಸಾಲಿನಲ್ಲಿ ಕಲ್ಲಿನ ಆಮೆ ಕಣ್ಣರಳಿಸಿ ಕುಳಿತಿತ್ತು, ಮರದ ಮೇಲೆ ಕೊಕ್ಕರೆ ಹೆಂಡತಿಯೊಡನೆ.

ತಾನ್ ಪೋ ಹೊಸ ಬಿಳಿಯ ಬಟ್ಟಲನ್ನು ಮುಂದಿಟ್ಟ. "ಬನ್ನಿನ ಹಿಟ್ಟಿನ ಬೊಟ್ಟು ಆವತ್ತಿನ ಲೆಕ್ಕ. ನೀನು ಹೋದ ಸಂಜೆಯ ಸಾಲ ಇನ್ನೂ ಬಾಕಿ ಇದೆ. ಆಡದೆ ಉಳಿದ ಆ ಆಟವನ್ನೇ ಇವತ್ತು ಆಡ್ತಿರೋದು."

"ಎಂಥಾ ಜಿಪುಣನಯ್ಯಾ ನೀನು," ಎಂದಳು ಯಿನ್‌ಶೂ. ಸುತ್ತಲೂ ಎಲ್ಲರೂ ಕುಂಚ ಹಿಡಿದು, ಬಣ್ಣ ಮುಟ್ಟದೆ, ಅವಳನ್ನೇ ನೋಡುತ್ತಿದ್ದರು. ಅವಳು ಬೆರಳು ಅದ್ದಿದಳು, ಮೂಗಿನ ಮೇಲೆ ಬೊಟ್ಟು ಇಟ್ಟುಕೊಂಡಳು.